ತೇಗದ ನೆಲದ ಬಾಡಿಗೆ ಮನೆ

ಬೇರೆಯೋರಿಗೆ ಬಾಡಿಗೆ ಮನೆ ಅಂದ್ರೆ ನೀರು ಬರಲ್ಲ, ಕರೆಂಟು ಹೋಯ್ತು, ಅಷ್ಟೇ ಕತೆ. ನಂಗೆ ಮಾತ್ರ ಒಂದಲ್ಲ ಒಂದು ಆಯ್ತಾನೇ ಇರ್ತದೆ. ಆದಾಗೆಲ್ಲ ಇದಕ್ಕೆ ನಗಬೇಕಾ ಅಳಬೇಕಾ ಅಂತ ತಿಳೀದೆ ಬಾಯ್ ಬಿಟ್ಕೊಂಡು ನಿಂತ್ಬುಡ್ತೀನಿ. ಆಮೇಲೆ ಯಾರಿಗಾದ್ರೂ ಹೇಳ್ದಿದ್ರೆ ಹೊಟ್ಟೆ ಉಬ್ಬರಿಸ್ತದೆ. ಅದಕ್ಕೆ ಹೇಳ್ಬುಡ್ತೀನಿ, ಕೇಳಿ.

ನಮ್ಮೂರು ಹಂಗಳ. ಗುಂಡ್ಲುಪೇಟೆ ದಾಟಿ ಬಂಡೀಪುರದ ಕಡೆ ಹೋದ್ರೆ ಸಿಗ್ತದೆ. ನಂಗೆ ಕೆಲ್ಸ ಸಿಕ್ಕಿದ್ದು ಚಾಮರಾಜನಗರದ ಒಂದು ಕನ್ನಡಕದಂಗಡೀಲಿ. ಅಂಗಡಿ ಬಾಗ್ಲು ಹಾಕೋ ಹೊತ್ಗೆ ನಮ್ಮೂರ ಕಡೆ ಬಸ್ಸು ಹೋಗಿ ಎಷ್ಟೋ ಹೊತ್ತಾಗಿರ್ತದೆ. ಅದಕ್ಕೆ ಅಲ್ಲೇ ಮನೆ ಮಾಡ್ಬೇಕು. ನಮ್ಮಪ್ಪ ಒಂದೇ ಮಾತು ಅಂದಿದ್ದ: "ಮರ್ವಾದಿ ಇರೋ ಕಡೆ ಮನ ಸಿಕ್ರ ಇರು. ಸಿಗ್ನಿಲ್ವಾ, ಕೆಲ್ಸ ಬುಟ್ಬುಟ್ಟು ಬಾ. ಬೇಗೂರು ಗಂಡು ಇನ್ನೂವಿ ಕಾಯ್ತಾವ್ನ ಕಣಮ್ಮಿ." ಅಂದ್ರೆ ಲೆಕ್ಕ ಹಿಂಗೆ: ಮನೆ ಇದ್ರೆ ಕೆಲ್ಸ, ಮನೆ ಹೋದ್ರೆ ಬೇಗೂರು.

ನನ್ ಜೊತೆಗೆ ನನ್ ಗೆಳತಿ. ಅವಳದು ತೆರಕಣಾಂಬಿ, ನರ್ಸರಿ ಸ್ಕೂಲಲ್ಲಿ ಟೀಚರು. ಮಕ್ಕಳನ್ನ ಬೈಯಂಗಿಲ್ಲ ಅಂತ ಸ್ಕೂಲಲ್ಲಿ ರೂಲ್ಸು, ಅದಕ್ಕೆ ಅಲ್ಲಿ ಉಳಿದಿದ್ದೆಲ್ಲ ಮನೆಗೆ ಬಂದು ನಂಗೆ ಬೈತಾಳೆ.

ಕಾಲು ಪರೀಕ್ಷೆ

ಚಾಮರಾಜನಗರದಲ್ಲಿ ಇಬ್ರು ಹುಡ್ಗೀರು ಹೋಗಿ ಮನೆ ಕೊಡಿ ಅಂತ ಕೇಳ್ನೋಡಿ. ಒಂದು ಮನೇಲಿ "ನೀವ್ ಯಾವ ಪೈಕಿ?" ಅಂದ್ರು. ಇನ್ನೊಂದು ಮನೇಲಿ "ಮದ್ವೆ ಯಾವಾಗ?" ಅಂದ್ರು. ಮತ್ತೊಂದು ಮನೇಲಿ ಪಾಪ ಏನೂ ಕೇಳ್ನಿಲ್ಲ, ಸುಮ್ನೆ ಬಾಗ್ಲು ಹಾಕ್ಕೊಂಡ್ರು.

ಕೊನೆಗೆ ಒಬ್ರು ಸಾಹೇಬ್ರು ಸಿಕ್ರು. ಮರದ ವ್ಯಾಪಾರ ಅವರದು, ಮಂಚ, ಬಾಗ್ಲು, ಕಿಟಕಿ ಎಲ್ಲಾ ಮಾಡಿಸ್ತಾರೆ. ಅವರ ಕಟ್ಟಡಕ್ಕೆ ಅಪಾರ್ಟ್‌ಮೆಂಟ್ ಅಂತ ಬೋರ್ಡ್ ಅದೆ. ಲಿಫ್ಟ್‌ಗೆ ಅಂತ ಜಾಗಾನೂ ಅದೆ, ಲಿಫ್ಟು ಇಲ್ಲ, ಅಲ್ಲಿ ಅವರ ಮನೆ ಆಂಟಿ ಈರುಳ್ಳಿ ಮೂಟೆ ಮಡಗವ್ರೆ. ಕೆಳಗೆ ಅವರ ಮನೆ, ಮೇಲೆ ಖಾಲಿ ಮನೆ.

ಸಾಹೇಬ್ರು ಜಾತಿ ಕೇಳ್ನಿಲ್ಲ, ಊರು ಕೇಳ್ನಿಲ್ಲ, ಕಣ್ಣೆತ್ತಿ ನಮ್ ಮುಖಾನೂ ನೋಡ್ನಿಲ್ಲ. ನೆಲ ನೋಡ್ಕೊಂಡೇ ಅಂದ್ರು:

"ಕಾಲು ತೋರ್ಸಿ."

ನಾವಿಬ್ರೂ ಮುಖ ಮುಖ ನೋಡ್ಕೊಂಡು ಚಪ್ಪಲಿ ಬಿಟ್ವಿ.

"ಮೇಲಲ್ಲ ಬೇಟಿ, ಅಡಿ. ಅಡಿ ತೋರ್ಸಿ."

ಗೋಡೆ ಹಿಡ್ಕೊಂಡು ಒಂಟಿ ಕಾಲಲ್ಲಿ ನಿಂತು, ಇನ್ನೊಂದು ಕಾಲು ಹಿಂದಕ್ಕೆ ಎತ್ತಿದ್ವಿ. ಸಾಹೇಬ್ರು ಜೇಬಿಂದ ಕನ್ನಡಕ ತೆಗೆದು ಹಾಕ್ಕೊಂಡು, ಬಗ್ಗಿ, ನಿಧಾನಕ್ಕೆ ನೋಡಿದ್ರು. ಬೇಗೂರು ಗಂಡಿನ ಕಡೆಯೋರು ನೋಡೋಕೆ ಬಂದಾಗಲೂ ನನ್ನ ಇಷ್ಟು ಸೂಕ್ಷ್ಮವಾಗಿ ನೋಡಿರ್ನಿಲ್ಲ.

"ಹಿಮ್ಮಡಿ ಒಡೆದಿಲ್ಲ. ಒಳ್ಳೇದು. ಕಾಲ್ಗೆಜ್ಜೆ ಹಾಕ್ತೀರಾ?"

"ಇಲ್ಲ ಸಾರ್."

"ಹೈಹೀಲ್ಸು?"

"ನಮ್ಮೂರ ರಸ್ತೇಲಿ ಅದ್ ಹಾಕಂಡ್ ನಡದ್ರ ಕಾಲು ಅಲ್ಲೇ ಹೂತ್ಕೋತದ ಸಾರ್," ಅಂದ್ಲು ಗೆಳತಿ.

ಆಗ ಬಾಗ್ಲು ತೆಗೆದ್ರು. ಅಯ್ಯೋ ಏನ್ ಹೇಳ್ಲಿ! ಮನೆಯಿಡೀ ಮರದ ನೆಲ! ಉದ್ದುದ್ದ ಹಲಗೆಗಳು, ಜೇನುತುಪ್ಪದ ಬಣ್ಣ, ಬಗ್ಗಿದ್ರೆ ನಮ್ ಮುಖ ನಮಗೇ ಕಾಣ್ತದೆ. ಸಾಹೇಬ್ರು ವಯಸ್ನಲ್ಲಿ ಊಟಿಗೆ ಮಂಚ ಕೊಡೋಕೆ ಹೋಗಿದ್ದಾಗ ಯಾವುದೋ ಬಂಗ್ಲೇಲಿ ಇಂಥ ನೆಲ ನೋಡಿದ್ರಂತೆ. ಆವತ್ತಿಂದ ತಲೇಲಿ ಅದೇ. ಇಲ್ಲಿಂದ ಗುಂಡ್ಲುಪೇಟೆವರೆಗೂ ಎಲ್ಲಿ ಹಳೇ ಮನೆ ಕೆಡವಿದ್ರೂ ಅಲ್ಲಿಗೆ ಹೋಗಿ ತೇಗದ ತೊಲೆ ತಂದು, ಕುಯ್ಸಿ, ಹಲಗೆ ಮಾಡ್ಸಿ, ಪಾಲಿಶ್ ಹಾಕ್ಸಿ ಕೂಡಿಸಿದ್ದಂತೆ.

"ನೀರು ಸುರಿಯಂಗಿಲ್ಲ. ಏನೂ ಎಳೆದಾಡಂಗಿಲ್ಲ. ಬಿಸಿ ಪಾತ್ರೆ ಇಡಂಗಿಲ್ಲ. ಕುಟ್ಟಂಗಿಲ್ಲ, ಬೀಸಂಗಿಲ್ಲ. ಈ ತಿಂಗಳು ಹಂಗೇ ಇರಿ. ಕೊನೇ ದಿನ ಬಂದು ನೆಲ ನೋಡ್ತೀನಿ. ಚೆನ್ನಾಗಿದ್ರೆ ಅಗ್ರಿಮೆಂಟು. ಇಲ್ಲಾಂದ್ರೆ ಬೇರೆಯೋರ್ಗೆ ಕೊಡ್ತೀನಿ."

ಅಪ್ಪನಿಗೆ ಫೋನ್ ಮಾಡ್ದೆ. "ಮನೆ ಸಿಕ್ತು ಕಣಪ್ಪ!"

"ಏನೇನ್ ಕೇಳುದ್ರು?"

"ಏನೂ ಇಲ್ಲ. ಕಾಲು ಎತ್ತಿ ಅಡಿ ತೋರ್ಸಿ ಅಂದ್ರು, ಅಷ್ಟೇ."

ಅಪ್ಪ ಮೆಲ್ಲಗೆ ಕೇಳ್ದ: "ಯಾಕಮ್ಮಿ, ಲಾಳ ಹೊಡುಸ್ತಾರಂತಾ?"

ಕೆಳಗಿನ ಮನೆಗೆ ಎಲ್ಲಾ ಗೊತ್ತು

ಮರದ ನೆಲದ ಬಗ್ಗೆ ನಂಗೆ ಯಾರೂ ಹೇಳಿರ್ನಿಲ್ಲ, ಅದು ಮಾತಾಡ್ತದೆ ಅಂತ. ಇಲ್ಲಿ ಕಾಲಿಟ್ರೆ ಕಿರ್ರ್, ಅಲ್ಲಿಟ್ರೆ ಕುಂಯ್, ಕಿಟಕಿ ಹತ್ರ ಹೋದ್ರೆ ಟಕ್. ಹಲಗೆ ಕೆಳಗೆ ಟೊಳ್ಳು ಬುಟ್ಟವ್ರಂತೆ, ಮರ ಉಸಿರಾಡ್ಬೇಕಂತೆ. ಮರ ಉಸಿರಾಡ್ತದೆ ಸರಿ, ನಾವ್ ಉಸಿರಾಡಿದ್ರೂ ಕೆಳಗೆ ಕೇಳ್ತದೆ!

ಮೊದ್ಲು ಗೊತ್ತಾಗಿದ್ದು ಹೆಂಗೆ ಅಂದ್ರೆ, ಒಂದಿನ ಬೆಳಿಗ್ಗೆ ಮೆಟ್ಲು ಇಳೀತಾ ಇದ್ದೆ, ಸಾಹೇಬ್ರ ಮನೆ ಆಂಟಿ ಬಾಗ್ಲಲ್ಲಿ ನಿಂತು ಕೇಳಿದ್ರು: "ಏನ್ ಕಳೆದೋಗಿತ್ತಮ್ಮ? ರೂಮಿಂದ ಹಾಲ್‌ಗೆ, ಹಾಲಿಂದ ರೂಮ್‌ಗೆ ಓಡಾಡ್ತಾನೇ ಇದ್ಯಲ್ಲ."

"ಬಾಚಣಿಗೆ ಆಂಟಿ."

"ಸಿಕ್ಕಿದ್ದು ಕಿಟಕಿ ಹತ್ರ, ಅಲ್ವಾ?"

ಕಿಟಕಿ ಹತ್ರಾನೇ ಸಿಕ್ಕಿತ್ತು.

ಇದು ನನ್ ಕತೆ ಆಯ್ತು. ನನ್ ಗೆಳತಿಗೆ ನಿಶ್ಚಯ ಆಗದೆ. ಹುಡ್ಗ ಕೊಳ್ಳೇಗಾಲದ ಕಡೆಯೋನು, ದಿನಾ ಸಾಯಂಕಾಲ ಫೋನು. ಇವಳಿಗೆ ಒಂದ್ ಕಡೆ ನಿಂತು ಮಾತಾಡಿ ಅಭ್ಯಾಸ ಇಲ್ಲ. ಖುಷಿ ಆದ್ರೆ ಹಾಲಲ್ಲಿ ಗುಂಡಾಕಾರ ಸುತ್ತಾಳೆ, ಕೋಪ ಬಂದ್ರೆ ಗೋಡೆಯಿಂದ ಗೋಡೆಗೆ ದಡದಡ ಹೋಗಿ ಬತ್ತಾಳೆ. ಒಂದಿನ ಜೋರು ಜಗಳ. ಫೋನ್ ಮಂಚದ ಮೇಲೆ ಎಸೆದು ಕೂತ್ಲು. "ಇನ್ನು ಅವನಾಗೇ ಫೋನ್ ಮಾಡೋವರ್ಗೂ ನಾನ್ ಮಾಡಲ್ಲ" ಅಂದ್ಲು. "ನಿಂದೇ ತಪ್ಪಲ್ವೇನೇ?" ಅಂದೆ. "ಹೌದಾ?" ಅಂತ ಅವಳಿಗೂ ಅನುಮಾನ. ನಮ್ ಇಬ್ರಿಗೂ ಗೊತ್ತಾಗ್ತಿಲ್ಲ, ತಪ್ಪು ಯಾರ್ದು ಅಂತ.

ಅಷ್ಟರಲ್ಲಿ ಬಾಗ್ಲು ತಟ್ಟಿದ್ರು. ಆಂಟಿ. ಕೈಯಲ್ಲಿ ಒಂದು ಬಟ್ಟಲು ಶಾವಿಗೆ ಪಾಯಸ. ಒಂದು ಮಾತೂ ಕೇಳ್ನಿಲ್ಲ, ಗೆಳತಿ ತಲೆ ಸವರಿ, ಪಾಯಸ ಕೈಗೆ ಕೊಟ್ಟು ಅಂದ್ರು:

"ಇವತ್ತು ನೀನ್ ಫೋನ್ ಮಾಡ್ಬೇಡ. ತಪ್ಪು ಅವನದೇ, ನಿನ್ ನಡಿಗೇಲೇ ಗೊತ್ತಾಯ್ತು. ಸೋಮವಾರದ್ದು ಮಾತ್ರ ನಿಂದು."

ಶವರ್ ಇರೋ ಅಡುಗೆಮನೆ

ಹಂಗಳದವಳಿಗೂ ತೆರಕಣಾಂಬಿಯವಳಿಗೂ ಮುದ್ದೆ ಇಲ್ದೆ ಎಷ್ಟು ದಿನ ಆಯ್ತದೆ ಹೇಳಿ? ಅನ್ನ ತಿಂದೂ ತಿಂದೂ ಹೊಟ್ಟೆ ತುಂಬ್ದಂಗೇ ಇಲ್ಲ. ಕೊನೆಗೆ ಒಂದಿನ ಗೆಳತಿ ಅಂದ್ಲು, "ಏನಾದ್ರೂ ಆಗ್ಲಿ ಕಣಮ್ಮಿ, ಮುದ್ದ ಮಾಡನ."

ಮುದ್ದೆ ಮಾಡೋದು ನಿಂತ್ಕೊಂಡು ಆಗೋ ಕೆಲ್ಸ ಅಲ್ಲ, ನಿಮಗೆ ಗೊತ್ತಲ್ಲ. ಬಿಸಿ ಪಾತ್ರೆ ನೆಲಕ್ಕಿಳಿಸಿ, ಎರಡು ಕಾಲಲ್ಲಿ ಅದುಮಿ ಹಿಡ್ಕೊಂಡು, ಕೋಲು ಹಾಕಿ ಮೈಯೆಲ್ಲ ಬಲ ಬಿಟ್ಟು ತಿರುವಬೇಕು. ಇಲ್ಲಿ ಬಿಸಿ ಪಾತ್ರೆ ಇಡಂಗಿಲ್ಲ, ಎಳೆದಾಡಂಗಿಲ್ಲ, ಕುಟ್ಟಂಗಿಲ್ಲ. ಅಡುಗೆಮನೇಲೂ ಹಲಗೇನೇ! ಕಲ್ಲಿನ ಕಟ್ಟೆ ಮೇಲೆ ಮಡಗಿ ತಿರುವಕ್ಕೆ ನೋಡಿದ್ವಿ. ಪಾತ್ರೆ ಗಿರಗಿರ ಅಂತ ತಿರುಗ್ತದೆ, ಹಿಟ್ಟು ಹಂಗೇ ಕೂತದೆ. ಇವಳು ಪಾತ್ರೆ ಹಿಡ್ಕೊಂಡ್ರೆ ಕೈ ಸುಡ್ತದೆ, ನಾನ್ ಹಿಡ್ಕೊಂಡ್ರೆ ಇವಳು ಕೋಲು ನನ್ ಮೊಣಕೈಗೆ ಹೊಡೀತಾಳೆ.

ಆಗ ಗೆಳತಿ ಮೆಲ್ಲಗೆ ಬಾತ್‌ರೂಮ್ ಕಡೆ ನೋಡಿದ್ಲು. ಇಡೀ ಮನೇಲಿ ಟೈಲ್ಸ್ ಇರೋದು ಅದೊಂದೇ ಕಡೆ.

"ಏಯ್, ಥೂ, ಬೇಡ," ಅಂದೆ.

"ಕಕ್ಕಸ್ಸು ಬ್ಯಾರ ಕಡ ಅದ ಕಣಮ್ಮಿ. ಇದು ಬರೀ ಸ್ನಾನದ್ದು. ಮುದ್ದಗ ಕಣ್ಣಿದ್ದದಾ, ಎಲ್ಲಿದ್ದೀನಿ ಅಂತ ನೋಡಕ್ಕ?"

ಉಜ್ಜಿ ಉಜ್ಜಿ ತೊಳೆದ್ವಿ, ಒರೆಸಿದ್ವಿ, ಊದಿನಕಡ್ಡಿ ಬೇರೆ ಹಚ್ಚಿದ್ವಿ. ನಾನು ಕೂತು ಕಾಲಲ್ಲಿ ಪಾತ್ರೆ ಹಿಡ್ಕೊಂಡು ತಿರುವೋಕೆ ಶುರು ಮಾಡ್ದೆ. ಮುದ್ದೆ ಚೆನ್ನಾಗೇ ಬತ್ತಾ ಇತ್ತು. ಅದೇ ಹೊತ್ಗೆ ನಮ್ಮವ್ವನ ವಿಡಿಯೋ ಕಾಲು. ಗೆಳತಿ ಯೋಚ್ನೆ ಮಾಡ್ದೆ ಎತ್ಬುಟ್ಟು ನನ್ ಮುಖಕ್ಕೆ ಹಿಡಿದ್ಲು.

"ಏನ್ಮಾಡ್ತಿದ್ದಯಮ್ಮಿ?"

"ಮುದ್ದೆ ತಿರುವ್ತಾ ಇವ್ನಿ ಕಣವ್ವ."

"ಎಲ್ಲಿ ಕೂತಿದ್ದಯಿ? ಹಿಂದ್ಗಡ ನಲ್ಲಿ ಕಾಣ್ತದಲ್ಲ."

"ಅಡುಗೆಮನೇಲಿ."

"ಬಕೀಟು, ಮಗ್ಗು, ಸೋಪು?"

"ಕೈ ತೊಳ್ಕೊಳೋಕೆ ಕಣವ್ವ."

"ಮ್ಯಾಲ ಅದೇನು, ಜರಡಿಯಂಗ ತೂತ್‌ತೂತು?"

ಗೆಳತಿ ಹಿಂದಿಂದ ಅಂದ್ಲು: "ಅದು ಅಪಾರ್ಟ್‌ಮೆಂಟ್ ಅಡುಗೆಮನೆ ಅವ್ವ. ಹಿಂಗೇ ಇರ್ತವೆ."

ಮಾರನೇ ದಿನ ಅಪ್ಪನ ಫೋನು: "ನಿಮ್ಮವ್ವ ನಮ್ಮಡುಗಮನಗೂ ಶವರ್ ಹಾಕ್ಸು ಅಂತ ಕುಂತವ್ಳ ಕಣಮ್ಮಿ. ಸೊಪ್ಪು ತೊಳಿಯಕ್ಕ ಸಲೀಸಂತ."

ಅಜ್ಜಿ ಮತ್ತೆ ಮಣೆ

ಇದು ಚಿಕ್ಕದು, ಆದ್ರೂ ಹೇಳ್ಬೇಕು. ಕಣ್ಣು ತೋರ್ಸೋಕೆ ಅಂತ ನಮ್ಮಜ್ಜಿ ಊರೋರ ಜೊತೆ ಬಸ್ಸಲ್ಲಿ ಬಂತು. ನಮ್ಮಂಗಡೀಲೇ ಕನ್ನಡಕ ಮಾಡ್ಸಿ ಮನೆಗೆ ಕರ್ಕೊಂಡು ಬಂದೆ. ಅಜ್ಜಿ ಹೊಸ ಕನ್ನಡಕ ಏರಿಸ್ಕೊಂಡು ನೆಲ ನೋಡ್ತು, ನೋಡ್ತು, ಬಾಗ್ಲಲ್ಲೇ ನಿಂತ್ಬುಡ್ತು.

"ಬಾ ಅಜ್ಜಿ ಒಳಗೆ."

"ಮಣ ಹಾಕಿದ್ದೀರಲ್ಲವ್ವ."

ಅಜ್ಜಿಗೆ ಹಲಗೆ ಅಂದ್ರೆ ಮಣೆ. ಮಣೆ ಅಂದ್ರೆ ಊಟಕ್ಕೆ ಕೂರಿಸೋದು. ಎಷ್ಟೊಂದು ಮಣೆ ಹಾಕವ್ರೆ ಅಂತ ಅದಕ್ಕೆ ಖುಷಿಯೋ ಖುಷಿ. ಬಂದು ಒಂದು ಹಲಗೆ ಮೇಲೆ ಚಕ್ಕಂಬಕ್ಕಲು ಹಾಕಿ ಕೂತ್ಕೊಂಡು ತಟ್ಟೆಗೆ ಕಾಯ್ತು. ಮಧ್ಯಾಹ್ನ ಊಟ ಆಗಿತ್ತು, ಆದ್ರೂ ಮಣೆ ಮೇಲೆ ಕೂತೋರ್ನ ಹಂಗೇ ಎಬ್ಬಿಸೋಕಾಯ್ತದಾ? ಉಪ್ಪಿಟ್ಟು ಹಾಕ್ದೆ. ತಿಂತು. ಎದ್ದು ಕೈ ತೊಳ್ಕೊಂಡು ಬಂದು ಆ ಕಡೆ ಹಲಗೆ ಮೇಲೆ ಕೂತ್ಕೊತು. ಬಾಳೆಹಣ್ಣು ಕೊಟ್ಟೆ. ಆಮೇಲೆ ಕಿಟಕಿ ಹತ್ರ ಕೂತ್ಕೊತು. ಚಕ್ಕುಲಿ ಕೊಟ್ಟೆ.

"ಅಜ್ಜಿ, ಎಲ್ಲಾ ಒಂದೇ ನೆಲ ಕಣಜ್ಜಿ," ಅಂದೆ.

"ನಾನೂ ನೋಡ್ತಿವ್ನಿ ಬುಡು," ಅಂತು ಅಜ್ಜಿ. "ಕನ್ನಡ್ಕ ನೀನೇ ತಾನೇ ಮಾಡ್ಸ್‌ಕೊಟ್ಟಿದ್ದು? ಇನ್ನೂ ಅಡುಗಮನವರ್ಗೂ ಅವ ಮಣಗಳು."

ನೆಲ ನೋಡೋಕೆ ಬರೋರು

ಹಿಂಗೇ ಹೆಂಗೋ ತಿಂಗಳ ಕೊನೇ ದಿನ ಬಂತು. ನೆಲದ ಮೇಲೆ ಒಂದು ಗೀರು ಇಲ್ಲ, ಒಂದು ಕಲೆ ಇಲ್ಲ. ನಾವಿಬ್ರೂ ಬೆಕ್ಕಿನಂಗೆ ನಡೆಯೋದು ಕಲ್ತ್‌ಬುಟ್ಟಿದ್ವಿ. ಆದ್ರೆ ಹಿಂದಿನ ದಿನ ಸಾಹೇಬ್ರು ಬಂದು ಒಂದು ಮಾತು ಹೇಳಿದ್ರು: "ಬ್ಯಾಂಕ್ ಆಫೀಸರ್ ಒಬ್ರು ಟ್ರಾನ್ಸ್‌ಫರ್ ಆಗಿ ಬಂದವ್ರೆ. ಅವರ ಹೆಂಡ್ತಿಗೆ ಮನೆ ನೋಡ್ಬೇಕಂತೆ. ನಾಳೆ ಮಧ್ಯಾಹ್ನ ಕರ್ಕೊಂಡು ಬತ್ತೀನಿ. ನಿಮ್ ನೆಲ ಚೆನ್ನಾಗಿದ್ರೆ ನಿಮಗೇ ಬೇಟಿ, ನಾನು ಮಾತಿಗೆ ತಪ್ಪಲ್ಲ. ಕೆಟ್ಟಿದ್ರೆ ಅವರಿಗೆ." ನಂಗೆ ಧೈರ್ಯಾನೇ ಧೈರ್ಯ. ಅಗ್ರಿಮೆಂಟ್ ದಿನ ಹಾಲುಕ್ಕಿಸೋಕೆ ಅಂತ ಅಪ್ಪನೂ ಅವ್ವನೂ ಬೆಳಿಗ್ಗೇನೇ ಬಂದ್ಬುಟ್ರು.

ಇಲ್ಲಿ ನಮ್ಮಪ್ಪನ ಬಗ್ಗೆ ಒಂದು ಹೇಳ್ಬುಡ್ತೀನಿ. ನಮ್ ಹೊಲ ಕಾಡಂಚಲ್ಲಿ. ಕಾಡಂಚಿನೋರಿಗೆ ಮರ ಅಂದ್ರೆ ಏನು ಅಂತ ಟೌನೋರಿಗೆ ಗೊತ್ತಾಗಲ್ಲ. ನಮ್ಮಪ್ಪ ಒಂದ್ಸಲ ಮುರಿದು ಬಿದ್ದಿದ್ದ ಕೊಂಬೆ ಒಂದನ್ನ ಗಾಡೀಲಿ ಹಾಕ್ಕೊಂಡು ಬಂದು, ಎಲ್ಲಿಂದ ತಂದೆ, ಯಾಕೆ ತಂದೆ ಅಂತ ಫಾರೆಸ್ಟ್ ಗಾರ್ಡಿಗೆ ಉತ್ರ ಹೇಳೀ ಹೇಳೀ ಸಾಕಾಗಿ, ಆವತ್ತಿಂದ ಹೋಟ್ಲಲ್ಲಿ ಹಲ್ಲುಕಡ್ಡಿ ತಗೋಬೇಕಾದ್ರೂ ಆ ಕಡೆ ಈ ಕಡೆ ನೋಡ್ತಾನೆ.

ಅಂಥೋನು ಬಾಗ್ಲಲ್ಲಿ ನಿಂತು ಮನೆಯಿಡೀ ತೇಗ ನೋಡ್ದ. ಮುಖ ಬಿಳಿಚ್ಕೊತು. "ಅಮ್ಮೀ," ಅಂದ, ಅಷ್ಟೇ. ನಂಗೆ ಅಂಗಡಿಗೆ ಹೊತ್ತಾಗಿತ್ತು, ಗೆಳತಿಗೆ ಸ್ಕೂಲಿಗೆ ಹೊತ್ತಾಗಿತ್ತು. "ನೀರ್ ಹಾಕ್ಬೇಡಿ, ಏನೂ ಎಳೀಬೇಡಿ, ಬಿಸಿ ಇಡ್ಬೇಡಿ, ಮಧ್ಯಾಹ್ನ ಬತ್ತೀವಿ" ಅಂತ ಒಂದೇ ಉಸ್ರಲ್ಲಿ ಹೇಳಿ ಓಡುದ್ವಿ.

ಆಮೇಲೆ ಏನಾಗದೆ ಅಂದ್ರೆ, ಅಪ್ಪ ಟೀ ಕುಡಿಯೋಕೆ ಕೆಳಗಿಳಿದವನೆ. ಆಂಟಿ ಪಾಪ ಮರ್ಯಾದೆಯಿಂದ ಮಾತಾಡ್ಸವ್ರೆ: "ಮಧ್ಯಾಹ್ನ ಎಲ್ಲೂ ಹೋಗ್ಬೇಡಿ ಅಣ್ಣ. ನೆಲ ನೋಡಕ್ಕೆ ಬರ್ತಾರೆ."

ನೆಲ ನೋಡೋಕೆ! ಯಾರಾದ್ರೂ ಬಂದ್ರೆ ಮನೆ ನೋಡ್ತಾರೆ, ಹೆಣ್ಣು ನೋಡ್ತಾರೆ. ಬರೀ ನೆಲ ನೋಡೋಕೆ, ಅದೂ ತೇಗದ ನೆಲ ನೋಡೋಕೆ ಯಾರ್ ಬತ್ತಾರೆ? ಹಂಗಳದೋರಿಗೆ ಅದಕ್ಕೆ ಒಂದೇ ಉತ್ರ. ಫಾರೆಸ್ಟೋರು! ಅಪ್ಪ ಟೀ ಅಲ್ಲೇ ಬುಟ್ಟು ಮೆಟ್ಲು ಹತ್ತಿ ಓಡ್ಬಂದು ನಂಗೆ ಫೋನ್ ಮೇಲೆ ಫೋನ್ ಮಾಡವನೆ. ನಾನು ಯಾರೋ ಗಿರಾಕಿಗೆ ಫ್ರೇಮ್ ತೋರಿಸ್ತಾ ಇದ್ದೆ, ಫೋನ್ ಸೈಲೆಂಟು.

ಮಧ್ಯಾಹ್ನ ನಾನೂ ಗೆಳತಿಯೂ ಒಟ್ಟಿಗೇ ಮೆಟ್ಲು ಹತ್ತುದ್ವಿ. ಅರ್ಧಕ್ಕೆ ಬಂದಾಗ ಗೆಳತಿ ಮೂಗು ಅಗಲಿಸಿದ್ಲು. "ನಮ್ಮೂರ್ ವಾಸನ ಬತ್ತದಲ್ಲಮ್ಮಿ."

ಬಾಗ್ಲು ತೆಗೆದಿತ್ತು. ಒಳಗೆ ನಮ್ಮವ್ವ ಸೀರೆ ಎತ್ತಿ ಕಟ್ಕೊಂಡು, ಬಗ್ಗಿ, ಹಿಂದ್ ಹಿಂದಕ್ಕೆ ಬತ್ತಾ, ಎರಡೂ ಕೈಯಲ್ಲಿ ಅರ್ಧ ಚಂದ್ರ ಅರ್ಧ ಚಂದ್ರ ಎಳೀತಾ ನೆಲ ಸಾರಿಸ್ತಾ ಇದ್ಲು. ಸೆಗಣಿ! ಹಸಿರು ಸೆಗಣಿ! ಗೋಡೆಯಿಂದ ಗೋಡೆವರೆಗೂ! ತೇಗ ಇತ್ತು ಅಂತ ಹೇಳೋಕೆ ಒಂದು ಬೆರಳಗಲ ಜಾಗ ಇಲ್ಲ! ಹಿಂದಿನ ಬೀದೀಲಿ ಹಸ ಕಟ್ಟಿರೋರ ಮನೆಯಿಂದ ಅಪ್ಪ ಬಕೀಟು ಬಕೀಟು ಹೊತ್ತು ತಂದವನೆ.

"ಅಲ್ಲೇ ನಿಂತ್ಕ, ಇನ್ನೂ ಒಣಗ್ನಿಲ್ಲ," ಅಂದ್ಲು ಅವ್ವ.

"ಅವ್ವಾ! ನೀರ್ ಹಾಕ್ಬೇಡ ಅಂದಿದ್ನಲ್ಲ!"

"ನೀರ್ ಎಲ್ ಹಾಕಿವ್ನಿ? ಗಟ್ಟಿಯಾಗೇ ಕಲಸಿವ್ನಿ ಕಣಮ್ಮಿ."

ಅಪ್ಪ ಓಡ್ಬಂದು ನನ್ ಕೈ ಹಿಡ್ಕೊಂಡ. ಕೈಯೆಲ್ಲ ಸೆಗಣಿ. "ಎದುರ್ಕಬ್ಯಾಡ ಮಗ. ಇನ್ ಯಾರ್ ಬಂದ್ರೂ ಇದು ಮಣ್ಣುನೆಲ. ಮರ ಅನ್ನ ಮಾತೇ ಎತ್ಬ್ಯಾಡ. ನಿನ್ ಕೈಗ ಬೇಡಿ ಹಾಕ್ಸಕ್ಕ ನಾನು ಬುಟ್ಟನಾ?"

ಯಾವ ಮಹಡೀಲಿ ಮಣ್ಣುನೆಲ ಇರ್ತದೆ ಅಂತ ಕೇಳೋಕೂ ನಂಗೆ ತೋಚ್ನಿಲ್ಲ. ಗೆಳತಿ ಮೆಟ್ಲ ಮೇಲೆ ಕೂತು ಕೇಳಿದ್ಲು: "ಬೇಗೂರ್ಗ ಯಾವಾಗ ಓಯ್ತೀಯಮ್ಮಿ?"

ಅಷ್ಟರಲ್ಲಿ ಕೆಳಗಿಂದ ಸಾಹೇಬ್ರ ದನಿ: "ಬನ್ನಿ ಮೇಡಂ, ಬನ್ನಿ ಸಾರ್. ಇಂಥ ನೆಲ ನೀವು ಈ ಜಿಲ್ಲೇಲಿ ನೋಡಿರಲ್ಲ."

ಅದು ನಿಜಾನೇ ಆಯ್ತು ನೋಡಿ.

ಸಾಹೇಬ್ರು ಬಾಗ್ಲಿಗೆ ಬಂದ್ರು. ನಿಂತ್ರು. ಕನ್ನಡಕ ತೆಗೆದ್ರು. ಒರೆಸಿ ಹಾಕ್ಕೊಂಡ್ರು. ಮತ್ತೆ ತೆಗೆದ್ರು. ಬಾಯಿ ತೆರೀತದೆ, ಮುಚ್ತದೆ, ಮಾತು ಬತ್ತಿಲ್ಲ. ಅಪ್ಪ ಅವರ ಪಕ್ಕಕ್ಕೆ ಹೋಗಿ, ಕಿವಿ ಹತ್ರ ಬಗ್ಗಿ, "ಸಾಮಿ, ಗಾಬ್ರಿ ಬೀಳಬ್ಯಾಡಿ, ನಾವ್ ಯಾರ್ಗೂ ಹೇಳಲ್ಲ" ಅಂತ ಪಿಸುಗುಟ್ಟಿ, ಬ್ಯಾಂಕ್ ಆಫೀಸರ್ ಕಡೆ ತಿರುಗಿ ಕೈ ಮುಗಿದು, "ಬನ್ನಿ ರೇಂಜರ್ ಸಾಹೇಬ್ರೇ, ನೋಡಿ, ಬರೀ ಮಣ್ಣು" ಅಂದ. ಪಾಪ ಅವ್ರು ಹಿಂದೆ ತಿರುಗಿ ನೋಡಿದ್ರು, ರೇಂಜರ್ ಎಲ್ಲವ್ರೆ ಅಂತ.

ನಾನು ಕಣ್ ಮುಚ್ಕೊಂಡೆ. ಮುಗೀತು. ಮನೆ ಹೋಯ್ತು, ಕೆಲ್ಸ ಹೋಯ್ತು.

ಆಗ ಆಫೀಸರ ಹೆಂಡ್ತಿ ಚಪ್ಪಾಳೆ ತಟ್ಟಿದ್ರು! ಸುಳ್ಳಲ್ಲ, ಚಪ್ಪಾಳೆ!

"ವಾವ್! ಸೆಗಣಿ ನೆಲ! ಅಪಾರ್ಟ್‌ಮೆಂಟಲ್ಲಿ! ರೀ, ನಾವ್ ಹೋಗಿದ್ವಲ್ಲ ಕಾಡಿನ ರೆಸಾರ್ಟು, ಅಲ್ಲೂ ಹಿಂಗೇ ಇತ್ತಲ್ವಾ? ಇದೇ ವಾಸ್ನೆ! ಎಷ್ಟು ತಂಪು! ನಮಗೆ ಇದೇ ಮನೆ ಬೇಕು."

ಸಾಹೇಬ್ರಿಗೆ ಆಗ ಮಾತು ಬಂತು. "ಮೇಡಂ, ಇದರ ಕೆಳಗೆ ತೇಗ ಇದೆ. ಅಸಲಿ ತೇಗ. ತೊಳೆದು ತೋರಿಸ್ತೀನಿ, ಒಂದ್ನಿಮಿಷ."

"ಅಯ್ಯೋ ತೊಳೀಬೇಡಿ! ಮರದ ನೆಲ ಯಾರಿಗ್ ಬೇಕು ಅಂಕಲ್? ಅದೆಲ್ಲ ಸ್ಟಿಕ್ಕರು. ಆನ್‌ಲೈನಲ್ಲಿ ಸುರುಳಿ ಸುರುಳಿ ಬರುತ್ತೆ, ಅಂಟಿಸ್ಕೊಳೋದು ಅಷ್ಟೇ. ಇದು ನೋಡಿ ಒರಿಜಿನಲ್ಲು." ಆಮೇಲೆ ಅಪ್ಪನ ಕಡೆ ತಿರುಗಿ, "ವಾರಾವಾರ ಸಾರಿಸೋಕೆ ಇವರೇ ಬರ್ತಾರಾ?"

"ವಾರಾವಾರ ಬ್ಯಾಡ ತಾಯಿ," ಅಂದ ಅಪ್ಪ, ಭಾರಿ ಗಂಭೀರವಾಗಿ. "ಅಮಾಸಗೊಂದ್ಸಲ ಸಾಕು."

ಸಾಹೇಬ್ರು ಕೆಂಪಗಾದ್ರು. ಸೆಗಣಿ ನೋಡ್ದಾಗ ಬಿಳಿಚ್ಕೊಂಡಿದ್ದ ಮುಖ ಸ್ಟಿಕ್ಕರ್ ಅಂದ ತಕ್ಷಣ ಕೆಂಪಗಾಗೋಯ್ತು. ಈಗ ನಮ್ ಸರದಿ ಅಂತ ನಾನೂ ಗೆಳತಿಯೂ ಒಬ್ಬರನ್ನೊಬ್ರು ಹಿಡ್ಕೊಂಡ್ವಿ.

"ಮೇಡಂ," ಅಂದ್ರು ಸಾಹೇಬ್ರು, "ಕ್ಷಮಿಸಿ. ಮನೆ ಖಾಲಿ ಇಲ್ಲ. ಬಾಡಿಗೆಗೆ ಹೋಗಿದೆ."

"ಯಾವಾಗ?"

"ಈಗ."

"ಯಾರಿಗೆ?"

ಸಾಹೇಬ್ರು ಕೈ ತೋರಿಸಿದ್ದು ನಮ್ ಕಡೆ! ನಾನು ಹಿಂದೆ ತಿರುಗಿ ನೋಡ್ದೆ, ಗೋಡೆ ಬಿಟ್ರೆ ಯಾರೂ ಇಲ್ಲ.

ಅವರಿಬ್ರೂ ಇಳಿದು ಹೋದ್ಮೇಲೆ ಸಾಹೇಬ್ರು ಮೆಟ್ಲ ಮೇಲೆ ಕೂತ್ಕೊಂಡು ಅಪ್ಪನ್ನ ಪಕ್ಕದಲ್ಲಿ ಕೂರಿಸ್ಕೊಂಡ್ರು. "ಬಂದೋರೆಲ್ಲ ಇದು ಪ್ಲಾಸ್ಟಿಕ್ಕಾ, ಸ್ಟಿಕ್ಕರಾ, ಟೈಲ್ಸಾ ಅಂತ ಕೇಳಿದ್ರು. ನನ್ ಸ್ವಂತ ತಮ್ಮ ಉಗುರಲ್ಲಿ ಕೆರೆದು ನೋಡ್ದ. ನನ್ ಮರ ಜೈಲಿಗೆ ಹಾಕ್ಸೋ ಅಷ್ಟು ಅಸಲಿ ಅಂತ ನಂಬಿದ್ದು ನೀವೊಬ್ರೇ ಅಣ್ಣ."

ಅಪ್ಪ ಇದು ಹೊಗಳಿಕೆನಾ ಬೈಗುಳಾನಾ ಗೊತ್ತಾಗದೆ ಸುಮ್ನೆ ತಲೆ ಆಡಿಸ್ದ. ಸಾಹೇಬ್ರು ನನ್ ಕಡೆ ತಿರುಗಿ, "ಬೇಟಿ, ಅಗ್ರಿಮೆಂಟು ಸಾಯಂಕಾಲ ತತ್ತೀನಿ. ಅಷ್ಟ್ರಲ್ಲಿ ಇದನ್ನ ತೆಗೀರಿ. ಒದ್ದೆ ಬಟ್ಟೆ, ನೀರಲ್ಲ!" ಅಂತ ಹೇಳಿ ಇಳಿದೋದ್ರು.

ನಾವು ನಾಲ್ಕೂ ಜನ ಮಂಡಿ ಊರಿ ಕೂತು ಒರೆಸಿದ್ದೇ ಒರೆಸಿದ್ದು. ಅವ್ವ ಸಾರಿಸುವಾಗ ಎಷ್ಟು ಖುಷಿಯಾಗಿದ್ಲೋ ಒರೆಸುವಾಗ ಅಷ್ಟೇ ಗೊಣಗಿದ್ಲು, ಅಷ್ಟು ಚೆಂದಾಗ್ ಸಾರ್ಸಿದ್ದೆ ಅಂತ. ಅಪ್ಪನಿಗೆ ಇದು ಹಳೇ ಮನೆ ತೊಲೆ, ಕಾಡಿಂದಲ್ಲ, ಕದ್ದಿದ್ದಲ್ಲ ಅಂತ ಹೇಳಿ ಹೇಳಿ ನನ್ ಗಂಟಲು ಒಣಗೋಯ್ತು. ಸಾಯಂಕಾಲದ ಹೊತ್ಗೆ ಒಳಗಿಂದ ಶುರು ಮಾಡಿ ಬಾಗ್ಲು ಹತ್ರಕ್ಕೆ ಬಂದಿದ್ವಿ, ಅಲ್ಲೊಂದು ಮೊಳ ಸೆಗಣಿ ಮಾತ್ರ ಉಳಿದಿತ್ತು. ತೇಗ ಮತ್ತೆ ಹೊಳೀತಾ ಇತ್ತು, ಮೊದಲಿಗಿಂತ ಒಂಚೂರು ಜಾಸ್ತೀನೇ.

ಅಷ್ಟರಲ್ಲಿ ಸಾಹೇಬ್ರು ಅಗ್ರಿಮೆಂಟ್ ಹಿಡ್ಕೊಂಡು ಬಂದ್ರು. ನನ್ ಕೈಗೆ ಕೊಟ್ರು. ಸೈನ್ ಹಾಕ್ದೆ. ನಂಗೆ ಕುಣೀಬೇಕು ಅನ್ನಿಸ್ತು, ಹಲಗೆ ನೆನೆಸ್ಕೊಂಡು ಸುಮ್ನಾದೆ. ಸಾಹೇಬ್ರು ಹೋಗ್ಲಿಲ್ಲ. ಅಲ್ಲೇ ನಿಂತವ್ರೆ. ಅಪ್ಪನ ಕಡೆ ನೋಡಿದ್ರು, ನನ್ ಕಡೆ ನೋಡಿದ್ರು, ದನಿ ತಗ್ಗಿಸಿ ಕೇಳಿದ್ರು:

"ಬೇಟಿ, ಫಾರೆಸ್ಟೋರು... ನಿಜವಾಗ್ಲೂ ಮನೆಯೊಳಗೆಲ್ಲ ಬರ್ತಾರಾ?"

"ನಿಮ್ದು ಹಳೇ ಮನೆ ಮರ ಅಲ್ವಾ ಸಾಹೇಬ್ರೇ? ನಿಮಗ್ಯಾಕೆ ಹೆದರಿಕೆ?"

"ಹೆದರಿಕೆ ಏನಿಲ್ಲ," ಅಂದ್ರು ಸಾಹೇಬ್ರು. ಒಂದ್ಸಲ ಮೆಟ್ಲು ಕಡೆ ಬಗ್ಗಿ ನೋಡಿದ್ರು. ಆಮೇಲೆ ಅವ್ವನ ಕೈಯಿಂದ ಒರೆಸೋ ಬಟ್ಟೆ ಮೆಲ್ಲಗೆ ಈಸ್ಕೊಂಡ್ರು.

"ಆದ್ರೂ ಬಾಗ್ಲು ಹತ್ರ ಇಷ್ಟು ಹಂಗೇ ಇರ್ಲಿ ಬುಡಿ."